ಖಾಲಿ ಬಿಟ್ಟ ವಾರಗಳು

ನಾನು ಹಾಸನದ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಅಂಟುರೋಗಗಳು ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತವೆ, ಕೆಲವು ಊರುಗಳಲ್ಲಿ ಯಾಕೆ ಬೇರುಬಿಟ್ಟು ಉಳಿಯುತ್ತವೆ, ಕೆಲವು ಊರುಗಳಿಂದ ಯಾರೂ ಓಡಿಸದೆ ಯಾಕೆ ಹೊರಟುಹೋಗುತ್ತವೆ ಎಂಬುದನ್ನು ಸಮೀಕರಣಗಳಲ್ಲಿ ಬರೆಯುವುದು ನನ್ನ ಸಂಶೋಧನೆ. ಮದುವೆ ಮನೆಗಳಲ್ಲಿ ಇದನ್ನು ಹೇಳಿದ ಕೂಡಲೇ ಪಕ್ಕ ಕುಳಿತವರು ತಮ್ಮ ಎಲೆಯ ಕಡೆಗೆ ಬಹಳ ಗಮನ ಕೊಡಲು ಶುರುಮಾಡುತ್ತಾರೆ. ದುದ್ದದ ಕಡೆಯ ಒಬ್ಬ ರೈತರು ಮಾತ್ರ, "ಅಂಗಾದ್ರೆ ನಮ್ ದನಕ್ಕೆ ಕಾಲುಬಾಯಿ ಜ್ವರ ಬರ್ದಂಗೆ ಮಾಡೋ ಲೆಕ್ಕ ಏನಾರ ಐತಾ ಮೇಡಮ್ಮೋರೆ?" ಎಂದು ಕೇಳಿದ್ದರು. ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ಈ ಲೆಕ್ಕವನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತೆ ಎಂದು ಪ್ರಮಾಣಪತ್ರ ಹೇಳುತ್ತದೆ. ಅದು ಅರ್ಧ ಸುಳ್ಳು. ಮೊದಲು ಕಲಿತದ್ದು ಅವ್ವನ ಸೊಂಟದ ಮೇಲೆ ಕುಳಿತು. ಅವ್ವ ಹೊಳೆನರಸೀಪುರ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದಳು. ಅರಕಲಗೂಡಿನ ಗಡಿಯವರೆಗೆ ಚೆಲ್ಲಿಕೊಂಡಿದ್ದ ಹತ್ತಾರು ಊರು, ಕೆಲವೇ ಮನೆಗಳ ಕೊಪ್ಪಲುಗಳು ಅವಳ ಪಾಲಿಗೆ ಬಂದಿದ್ದವು. ಅಪ್ಪ ಅರಕಲಗೂಡಿನ ಕಡೆ ಒಂದು ಶಾಲೆಯಲ್ಲಿ ಮೇಷ್ಟ್ರು, ಮನೆಗೆ ಬರುತ್ತಿದ್ದದ್ದು ಶನಿವಾರ ಮಧ್ಯಾಹ್ನ. ನನ್ನನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಅವ್ವನ ಒಂದು ಭುಜಕ್ಕೆ ಲಸಿಕೆಯ ಐಸು ಡಬ್ಬ, ಇನ್ನೊಂದು ಸೊಂಟಕ್ಕೆ ನಾನು. ಎರಡರಲ್ಲಿ ಯಾವುದು ಭಾರ ಎಂದು ಯಾರಾದರೂ ಕೇಳಿದರೆ, "ಡಬ್ಬ ಬಾಯಿ ಮುಚ್ಕೊಂಡಿರ್ತದೆ" ಎನ್ನುತ್ತಿದ್ದಳು.

ಆ ದಿನಗಳನ್ನು ನೆನೆದರೆ ಈಗಲೂ ನನ್ನ ಎದೆ ತುಂಬಿಬರುತ್ತದೆ. ಬಸ್ಸು ಇಳಿದು ನಾಲೆಯ ಏರಿ ಹಿಡಿದು ನಡೆಯುವಾಗ ಎರಡೂ ಕಡೆ ಭತ್ತದ ಗದ್ದೆ. ಅವ್ವನ ಸೀರೆಗೆ ಸ್ಪಿರಿಟ್ಟಿನ ವಾಸನೆ. ಊರು ಹತ್ತಿರವಾದಂತೆ "ನರ್ಸಮ್ಮ ಬಂದ್ರು" ಎಂಬ ಕೂಗು ನಮಗಿಂತ ಮುಂದೆ ಓಡುತ್ತಿತ್ತು, ಮಕ್ಕಳು ಅಟ್ಟದ ಮೇಲೆ, ಹುಲ್ಲುಮೆದೆಯ ಹಿಂದೆ ಅಡಗುತ್ತಿದ್ದರು. ಅವ್ವ ಯಾರದಾದರೂ ಜಗಲಿಯ ಮೇಲೆ ಡಬ್ಬ ಇಟ್ಟು, ನನ್ನನ್ನು ಕೆಳಗಿಳಿಸಿ, ಸೂಜಿ ಕುದಿಸಲು ನೀರು ಕೇಳುವಳು. ನಾನು ಆ ಮನೆಯ ಮಕ್ಕಳ ಜೊತೆ ಆಟಕ್ಕೆ. ಸಂಜೆ ಹೊರಡುವಾಗ ನಮ್ಮ ಚೀಲದಲ್ಲಿ ಕಡಲೆಕಾಯಿಯೋ ಅವರೆಕಾಯಿಯೋ ಇದ್ದೇ ಇರುತ್ತಿತ್ತು. ಬೇಡವೆಂದರೆ ಕೊಟ್ಟವರಿಗೆ ಕೋಪ ಬರುತ್ತಿತ್ತು.

ಅವ್ವನ ಬಳಿ ಉದ್ದನೆಯ ರಟ್ಟಿನ ಪುಸ್ತಕಗಳಿದ್ದವು. ಸರ್ಕಾರಿ ಫಾರಮ್ಮುಗಳು ಬೇರೆ, ಅವು ತಿಂಗಳಿಗೊಮ್ಮೆ ಮೇಲಕ್ಕೆ ಹೋಗುತ್ತಿದ್ದವು. ಇವು ಅವಳ ಸ್ವಂತದವು. ಒಂದೊಂದು ಊರಿಗೆ ಒಂದೊಂದು ಪುಟ, ವಾರಕ್ಕೊಂದು ಚೌಕದ ಮನೆ ಗೆರೆ ಹಾಕಿ, ಆ ವಾರ ಎಷ್ಟು ಮಕ್ಕಳಿಗೆ ಜ್ವರ, ಎಷ್ಟು ಮಕ್ಕಳಿಗೆ ಭೇದಿ, ಎಷ್ಟು ಮಕ್ಕಳಿಗೆ ದಡಾರ ಎಂದು ಬರೆಯುತ್ತಿದ್ದಳು. ದಡಾರದ ವಿಷಯದಲ್ಲಿ ಮಾತ್ರ ಅವಳದೊಂದು ಕ್ರಮವಿತ್ತು. ನಮ್ಮ ಕಡೆ ದಡಾರಕ್ಕೆ ದಡಾರ ಎನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಆ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಎಷ್ಟು ಮಕ್ಕಳಿಗೆ ಆಗಿದೆ ಎಂದು ಕೇಳುವುದಂತೂ ಮಹಾ ಅಪರಾಧ, ಅಮ್ಮನನ್ನು ಎಣಿಸಬಾರದು. ಅವ್ವ ಅಡುಗೆಯ ಹೊತ್ತಿನಲ್ಲಿ ಬೀದಿಗುಂಟ ನಡೆದುಹೋಗುತ್ತಾ, ಯಾವ ಮನೆಯಿಂದ ಸಾಸಿವೆಯ ಘಮ ಬರಲಿಲ್ಲವೋ ಆ ಮನೆಯ ಮುಂದೆ ನಿಲ್ಲುತ್ತಿದ್ದಳು. ಚಪ್ಪಲಿ ದೂರ ಬಿಟ್ಟು, ಹೊಸ್ತಿಲ ಆಚೆಯಿಂದಲೇ, "ಎಷ್ಟು ಎಳನೀರು ಕಳುಸ್ಲಿ ಕಣವ್ವ?" ಎಂದು ಕೇಳುವಳು. ಒಳಗಿನಿಂದ ಎರಡು, ಮೂರು ಎಂದು ಉತ್ತರ ಬರುತ್ತಿತ್ತು. ಅಷ್ಟು ಮಕ್ಕಳು ಮಲಗಿದ್ದಾರೆ ಎಂದು ಅರ್ಥ. ಆ ಸಂಖ್ಯೆಯನ್ನು ಅವಳು ಆಗಲೇ ಬರೆಯುತ್ತಿರಲಿಲ್ಲ. ಅಮ್ಮನಿಗೆ ಮೊಸರನ್ನದ ತಂಪು ಮಾಡಿ ಕಳುಹಿಸಿಕೊಟ್ಟ ಮೇಲೆ, ಬೇವಿನ ಸೊಪ್ಪು ಬಾಗಿಲಿನಿಂದ ಇಳಿದ ಮೇಲೆ, ಪುಸ್ತಕದಲ್ಲಿ ಹಿಂದಿನ ವಾರಗಳ ಮನೆಗಳನ್ನು ತುಂಬಿಸುವಳು.

ನನಗೂ ಒಮ್ಮೆ ಅಮ್ಮ ಬಂದಿದ್ದಳು. ನಾಲ್ಕು ವರ್ಷವೋ ಏನೋ. ಚನ್ನರಾಯಪಟ್ಟಣದ ಸೋದರಮಾವನ ಮನೆಗೆ ಹೋಗಿ ಬಂದ ಮೇಲೆ ಆದದ್ದು. ಬೇವಿನ ಎಲೆ ಹರಡಿದ ಹಳೆಯ ಸೀರೆಯ ಮೇಲೆ ಮಲಗಿದ್ದದ್ದು, ಅಪ್ಪ ರಜೆ ಹಾಕಿ ಬಂದು ಬೀಸಣಿಗೆ ಬೀಸುತ್ತಿದ್ದದ್ದು, ದಿನಕ್ಕೆ ಎರಡು ಎಳನೀರು ನನಗೊಬ್ಬಳಿಗೇ ಸಿಗುತ್ತಿದ್ದದ್ದು ಎಲ್ಲವೂ ನೆನಪಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಬಾಲ್ಯದ ಅತ್ಯಂತ ಸುಖದ ವಾರ ಅದು. ದಡಾರದ ಸೂಜಿ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ಅವ್ವನ ಡಬ್ಬದಲ್ಲಿ ಇರುತ್ತಿದ್ದದ್ದು ಬೇರೆ ಲಸಿಕೆಗಳು.

ಮುಂದೆ ಸಂಶೋಧನೆಗೆ ವಿಷಯ ಹುಡುಕುವಾಗ ಆ ಪುಸ್ತಕಗಳು ನೆನಪಾದವು. ಅವ್ವ ನಿವೃತ್ತಳಾಗಿ ಹಾಸನಕ್ಕೆ ನನ್ನ ಜೊತೆ ಇರಲು ಬಂದಾಗ ಅವುಗಳನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ಅಷ್ಟು ವರ್ಷಗಳ, ಅಷ್ಟು ಸಣ್ಣ ಸಣ್ಣ ಊರುಗಳ, ವಾರ ವಾರದ ಲೆಕ್ಕ ನನ್ನ ಜೊತೆಯ ಯಾವ ವಿದ್ಯಾರ್ಥಿಗೂ ಸಿಕ್ಕಿರಲಿಲ್ಲ. ನಾನು ಸ್ವಲ್ಪ ಮೆರೆದೆ ಎಂದೇ ಹೇಳಬೇಕು.

ಲೆಕ್ಕದ ತಿರುಳು ಸುಲಭ. ಒಂದು ಊರಿನ ಜನರನ್ನು ಮೂರು ಗುಂಪು ಮಾಡಬೇಕು. ರೋಗ ಇನ್ನೂ ಬರಬಹುದಾದವರು, ಈಗ ಬಂದಿರುವವರು, ಬಂದು ಹೋದವರು. ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ಆದ್ದರಿಂದ ಸಣ್ಣ ಊರಿನಲ್ಲಿ ಅದು ಕೆಲವೇ ವಾರಗಳಲ್ಲಿ ಹಿಡಿಯಬಹುದಾದ ಮಕ್ಕಳನ್ನೆಲ್ಲ ಹಿಡಿದು ಮುಗಿಸುತ್ತದೆ, ಹೊಸ ಮಕ್ಕಳು ಹುಟ್ಟಿ ಬೆಳೆಯುವವರೆಗೆ ಅದಕ್ಕೆ ಅಲ್ಲಿ ಕೆಲಸವಿಲ್ಲ. ದೊಡ್ಡ ಪಟ್ಟಣದಲ್ಲಿ ಹಾಗಲ್ಲ, ಈ ಬೀದಿ ಮುಗಿಯುವಷ್ಟರಲ್ಲಿ ಆ ಬೀದಿಯಲ್ಲಿ ಮಕ್ಕಳು ತಯಾರಾಗಿರುತ್ತಾರೆ. ಅವ್ವ ತನ್ನ ಕೆಲಸದುದ್ದಕ್ಕೂ ಕೇಳಿಕೊಳ್ಳುತ್ತಿದ್ದ ಒಂದು ಪ್ರಶ್ನೆ ಇತ್ತು: "ಇಲ್ಲಿ ಇಲ್ದೇ ಇದ್ದಾಗ ಅದು ಎಲ್ಲಿರ್ತದೆ?" ನಾನು ಪಟ್ಟಣಗಳಲ್ಲಿ ಇರುತ್ತದೆ, ಅಲ್ಲಿಂದ ಬಸ್ಸು ಹತ್ತಿ ಬರುತ್ತದೆ ಎಂದು ಚಿತ್ರ ಬರೆದು ವಿವರಿಸಿದೆ. ಅವ್ವ ಬೀನ್ಸ್ ಸೋಸುತ್ತಾ ಕೇಳಿಸಿಕೊಂಡಳು.

"ಅಂದ್ರೆ ಹೆಪ್ಪಿನಂಗೆ ಅನ್ನು" ಎಂದಳು. "ದೊಡ್ ಸಂಸಾರದಲ್ಲಿ ಹೆಪ್ಪು ತೀರಾಕಿಲ್ಲ. ಸಣ್ ಮನೇಲಿ ಒಂದಿನ ಮೊಸರು ಪೂರ್ತಿ ಉಂಡ್ಬುಟ್ರೆ ಪಕ್ಕದ ಮನೆಗೆ ಲೋಟ ಇಡ್ಕೊಂಡು ಓಗ್ಬೇಕು."

ನನ್ನ ಪ್ರಬಂಧದ ಎರಡು ಅಧ್ಯಾಯಗಳನ್ನು ಅವಳು ಎರಡು ವಾಕ್ಯದಲ್ಲಿ ಮುಗಿಸಿದ್ದಳು. ನನಗೆ ಕೊಂಚ ಉರಿಯಿತು, ಆದರೂ ಇವತ್ತಿಗೂ ತರಗತಿಯಲ್ಲಿ ಹೆಪ್ಪಿನಿಂದಲೇ ಪಾಠ ಶುರುಮಾಡುತ್ತೇನೆ.

ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದವಳು ನಾನೇ. ಒಂದು ಬೇಸಿಗೆ ಪೂರ್ತಿ ಅದೇ ಕೆಲಸ. ಯಾವ ಊರಿಗೆ ದಡಾರ ಬಂದ ಎಷ್ಟು ವಾರಕ್ಕೆ ಯಾವ ಊರಿಗೆ ಬಂತು ಎಂದು ನೋಡಿ, ಯಾವ ಯಾವ ಊರುಗಳ ನಡುವೆ ಎಷ್ಟು ಹೋಗಿಬರುವ ಬಳಕೆಯಿದೆ ಎಂಬುದನ್ನು ಲೆಕ್ಕದಿಂದ ಹೊರತೆಗೆದೆ. ಹೊಳೆನರಸೀಪುರದ ಸಂತೆಗೆ ಹೋಗುವ ಊರುಗಳು ಪಟ್ಟಿಯ ಮೇಲಕ್ಕೆ ಬಂದವು. ಕೆಲವು ಊರುಗಳು ಯಾರ ಗೊಡವೆಗೂ ಹೋಗದವು ಎಂದು ಲೆಕ್ಕ ಹೇಳಿತು. ಅವುಗಳಲ್ಲಿ ಎಲ್ಲಕ್ಕಿಂತ ಕೆಳಗೆ ಇದ್ದದ್ದು ಒಂದು ಕೊಪ್ಪಲು. ಅದರ ನಿಜವಾದ ಹೆಸರು ಇಲ್ಲಿ ಬೇಡ, ಕೆರೆಯಾಚೆ ಕೊಪ್ಪಲು ಎಂದುಕೊಳ್ಳೋಣ. ಅದರ ಪುಟದಲ್ಲಿ ದಡಾರದ ಸಾಲು ವರ್ಷಗಟ್ಟಲೆ ಖಾಲಿಯಿತ್ತು. ಕಂಪ್ಯೂಟರು ಖಾಲಿ ಮನೆಯನ್ನು ಒಪ್ಪುತ್ತಿರಲಿಲ್ಲ, ಏನಾದರೂ ತುಂಬು ಎಂದು ಹಟ ಹಿಡಿಯುತ್ತಿತ್ತು. ನಾನು ಅಷ್ಟಕ್ಕೂ ಸೊನ್ನೆ ಒತ್ತಿದೆ. ಅವ್ವ ಪಕ್ಕದ ಕೋಣೆಯಲ್ಲೇ ಇದ್ದಳು. ಒಂದು ಮಾತು ಕೇಳಬಹುದಿತ್ತು.

ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ, ಆ ಕಡೆ ಮತ್ತೆ ದಡಾರ ಕಾಣಿಸಿಕೊಂಡಿತು. ಸೂಜಿ ತಪ್ಪಿಸಿಕೊಂಡ ಮಕ್ಕಳು ಅಲ್ಲಲ್ಲಿ ಉಳಿದಿದ್ದರು. ಅಲ್ಲಿನ ಆರೋಗ್ಯದ ಕೆಲಸ ನೋಡಿಕೊಳ್ಳುತ್ತಿದ್ದ ಡಾಕ್ಟರು, ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನನ್ನ ಬಳಿ ಕಲಿತ ಹುಡುಗಿ. ಅವಳು ಫೋನ್ ಮಾಡಿ, "ಮೇಡಂ, ಶಾಲೆ ಶುರುವಾಗೋದ್ರೊಳಗೆ ಮುಗಿಸಬೇಕು. ನನ್ನ ಹತ್ರ ಇರೋದು ಎರಡೇ ತಂಡ. ಯಾವ ಊರು ಮೊದಲು, ಯಾವುದು ಕೊನೆಗೆ, ನಿಮ್ಮ ಲೆಕ್ಕ ಏನಾದ್ರೂ ಹೇಳುತ್ತಾ?" ಎಂದಳು. ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಸುಮಾರು ಎರಡು ವಾರದ ಅಂತರ. ದಡಾರಕ್ಕೆ ಎರಡು ವಾರವೆಂದರೆ ಒಂದು ಸಣ್ಣ ಊರನ್ನು ಅರ್ಧ ಸುತ್ತಿ ಮುಗಿಸುವಷ್ಟು ಸಮಯ. ನನ್ನ ಲೆಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ ಯಾರಿಗೋ ಬೇಕಾಗಿತ್ತು. ನಾನು ಹಿಗ್ಗಿಹೋದೆ. ಬೆಳಿಗ್ಗೆಯಿಂದ ಕುಳಿತು ಪಟ್ಟಿ ಮಾಡಿ, ಮುದ್ರಿಸಿ, ಅವ್ವನಿಗೆ ತೋರಿಸಿದೆ. ತೋರಿಸಿದ್ದು ಹೊಗಳಲಿ ಎಂದು.

ಅವ್ವ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದಳು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"ಈ ಕೊಪ್ಪಲು ಯಾಕೆ ಕೊನೇಗೈತೆ?"

"ಅಲ್ಲಿಗೆ ದಡಾರ ಬರೋದೇ ಇಲ್ಲ ಅವ್ವ. ನಿನ್ ಪುಸ್ತಕಾನೇ ಹೇಳ್ತದಲ್ಲ, ಎಲ್ಲಾ ಸೊನ್ನೆ."

"ನಾನ್ಯಾವಾಗ ಸೊನ್ನೆ ಬರ್ದೆ?"

ನಾನು ಬೇಸರದಿಂದಲೇ ಎದ್ದು ಪುಸ್ತಕ ತಂದೆ. ಎಪ್ಪತ್ತು ದಾಟಿದವರಿಗೆ ಹಳೆಯದು ಮರೆಯುತ್ತದೆ ಎಂದುಕೊಂಡಿದ್ದೆ. ಪುಟ ತೆರೆದು ಅವಳ ಮುಂದೆ ಇಟ್ಟೆ. ಅವ್ವ ಬೇರೆ ಊರುಗಳ ಪುಟಗಳನ್ನು ಒಂದೊಂದಾಗಿ ತಿರುವಿದಳು. ದಡಾರವಿಲ್ಲದ ವಾರಗಳಲ್ಲೆಲ್ಲ ಅವಳ ಕೈಯ ಪುಟ್ಟ ದುಂಡನೆಯ ಸೊನ್ನೆಗಳು ಸಾಲಾಗಿ ಕುಳಿತಿದ್ದವು. ಎಲ್ಲಿ ಇಲ್ಲವೋ ಅಲ್ಲಿ ಅವಳು ಇಲ್ಲವೆಂದೇ ಬರೆದಿದ್ದಳು. ಕೆರೆಯಾಚೆ ಕೊಪ್ಪಲಿನ ಪುಟದಲ್ಲಿ ಮಾತ್ರ ಆ ಸಾಲಿನಲ್ಲಿ ಏನೂ ಇರಲಿಲ್ಲ. ಗಣಿತದಲ್ಲಿ ಡಾಕ್ಟರೇಟು ಪಡೆದ ನಾನು ಆ ಒಂದು ಬೇಸಿಗೆ ಪೂರ್ತಿ ಅದನ್ನು ನೋಡಿಯೂ ನೋಡಿರಲಿಲ್ಲ.

"ತಂಪು ಮಾಡಿದ್ ಮೇಲೆ ತುಂಬುಸ್ತಿದ್ದೆ ಅಲ್ವಾ" ಎಂದೆ.

"ಬ್ಯಾರೆ ಊರ್ದು ತುಂಬುಸ್ದೆ. ಈ ಊರ್ದು ತುಂಬ್ಸಾಕೆ ಕೈ ಬರ್ಲಿಲ್ಲ." ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಆಮೇಲೆ ಅವಳು ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನಾನು ಚನ್ನರಾಯಪಟ್ಟಣದಿಂದ ಬಂದು ಹತ್ತು ದಿನಕ್ಕೆ ನನಗೆ ಮೂಗು ಸೋರಲು ಶುರುವಾಯಿತಂತೆ. ಕಣ್ಣು ಕೆಂಪಗಿತ್ತು, ಮೈ ಬೆಚ್ಚಗಿತ್ತು. ನೆಗಡಿ ಎಂದುಕೊಂಡಳು. ಮಾರನೆಯ ದಿನ ಕೆರೆಯಾಚೆ ಕೊಪ್ಪಲಿನ ಸರದಿ. ಅಪ್ಪ ಊರಲ್ಲಿರಲಿಲ್ಲ. ನನ್ನನ್ನು ಎತ್ತಿಕೊಂಡೇ ಹೋದಳು. ಅಲ್ಲೊಂದು ಮನೆಯ ಜಗಲಿಯ ಮೇಲೆ ಇಳಿಸಿದಳು. ಆ ಮನೆಯಲ್ಲಿ ನನ್ನದೇ ವಯಸ್ಸಿನ ಹುಡುಗಿ ಇದ್ದಳು. ಇಬ್ಬರೂ ಮಧ್ಯಾಹ್ನದವರೆಗೆ ಆಡಿದೆವು. ಎರಡು ದಿನ ಕಳೆದ ಮೇಲೆ ನನ್ನ ಮುಖದ ಮೇಲೆ ದಡಾರ ಎದ್ದಿತು.

ದಡಾರ ಮೈಮೇಲೆ ಕಾಣುವುದಕ್ಕೆ ನಾಲ್ಕು ದಿನ ಮೊದಲೇ ಹರಡಲು ಶುರುವಾಗುತ್ತದೆ. ಇದನ್ನು ನಾನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಹೊರಗಿನಿಂದ ಊರೊಳಗೆ ಬರುವ ರೋಗಕ್ಕೆ ನನ್ನ ಸಮೀಕರಣದಲ್ಲಿ ಒಂದು ಚಿಕ್ಕ ಅಕ್ಷರವಿದೆ. ಅದರ ಹಿಂದೆ ಬಸ್ಸು, ಸಂತೆ, ಕೂಲಿಗೆ ಬರುವವರು ಎಂದೆಲ್ಲ ವಿವರಣೆ ಬರೆದಿದ್ದೇನೆ. ಆ ಕೊಪ್ಪಲಿಗೆ ಆ ವರ್ಷ ಹೊರಗಿನಿಂದ ಬಂದವಳು ನಾನು.

"ಎಷ್ಟು ಮಕ್ಳಿಗೆ ಬಂತು ಅವ್ವ?"

"ಎಳನೀರು ಹತ್ತೊಂಬತ್ತು ಕಳುಸ್ದೆ" ಎಂದಳು. ಇಷ್ಟು ವರ್ಷಗಳಾದರೂ ಸಂಖ್ಯೆ ಅವಳ ನಾಲಿಗೆಯ ತುದಿಯಲ್ಲಿತ್ತು. "ಜಗಲಿ ಮನೆ ಕೂಸು ಉಳೀಲಿಲ್ಲ. ಎದೆ ಕಟ್ಕೊಂಡ್ಬುಡ್ತು. ನಾನು ನಿನ್ ತಾವ ಬೀಸಣಿಗೆ ಬೀಸ್ತಾ ಕೂತೋಳು ಮೂರು ವಾರ ಆ ಕಡೆ ತಿರುಗ್ಲಿಲ್ಲ. ಓಗೋ ಒತ್ಗೆ ಎಲ್ಲಾ ಮುಗಿದಿತ್ತು."

ನನ್ನ ಬಾಲ್ಯದ ಸುಖದ ವಾರ ಅದು. ನಾನು ಅವ್ವನ ಮುಖ ನೋಡಲಾರದೆ ಪುಸ್ತಕವನ್ನೇ ನೋಡುತ್ತಾ ಕುಳಿತೆ. ಆಮೇಲೂ ಅವ್ವ ನಿವೃತ್ತಿಯವರೆಗೆ ಆ ಕೊಪ್ಪಲಿಗೆ ಒಂದು ಸರದಿಯನ್ನೂ ತಪ್ಪಿಸಲಿಲ್ಲ, ಅದೇ ಜಗಲಿಯ ಮೇಲೆ ಡಬ್ಬ ಇಟ್ಟಳು. ಆದರೆ ಅಲ್ಲಿಗೆ ಅಮ್ಮ ಬಂದರೂ ಬರದಿದ್ದರೂ ದಡಾರದ ಸಾಲಿಗೆ ಬಂದಾಗ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲವಂತೆ. ಆ ಮನೆಯವರಿಗೂ ಅವಳು ಏನನ್ನೂ ಹೇಳಿರಲಿಲ್ಲ.

"ಡಾಕ್ಟ್ರಿಗೆ ಏಳು" ಎಂದಳು. "ಮೊದ್ಲು ಅಲ್ಲಿಗೆ ಓಗ್ಲಿ."

ಫೋನ್ ಮಾಡಿ ನನ್ನ ತಪ್ಪು ಒಪ್ಪಿಕೊಂಡೆ. ಶಿಷ್ಯೆಯ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭದ ಕೆಲಸವಲ್ಲ, ಆ ಹುಡುಗಿ ದೊಡ್ಡ ಮನಸ್ಸಿನಿಂದ ಏನನ್ನೂ ಕೆದಕಲಿಲ್ಲ. ನಾಳೆ ಬೆಳಿಗ್ಗೆಯೇ ಒಂದು ತಂಡ ಅಲ್ಲಿಗೆ ಹೋಗುತ್ತದೆ ಎಂದಳು. ಅವ್ವ ತಾನೂ ಹೋಗಬೇಕು ಎಂದು ಕುಳಿತಳು. ಮಂಡಿನೋವು, ಬಿಸಿಲು ಎಂದು ನಾನು ಹೇಳಿದ್ದು ಯಾವುದೂ ಅವಳ ಕಿವಿಗೆ ಬೀಳಲಿಲ್ಲ.

ಮಾರನೆಯ ದಿನ ಕಾರಿನಲ್ಲಿ ಮೊಸಳೆ ಎಂಬ ಊರು ದಾಟಿ ಹೊಳೆನರಸೀಪುರದ ದಾರಿ ಹಿಡಿದೆವು. ಕೊಪ್ಪಲಿನವರೆಗೆ ಈಗ ಕಾಂಕ್ರೀಟು ರಸ್ತೆಯಿದೆ. ಹೆಂಚಿನ ಮನೆಗಳ ನಡುವೆ ತಾರಸಿ ಮನೆಗಳು ಎದ್ದಿವೆ. ಹೊಸ ನರ್ಸು, ಚುರುಕಾದ ಹುಡುಗಿ, ಅಂಗನವಾಡಿಯ ಮುಂದೆ ಮೇಜು ಹಾಕಿಕೊಂಡು ಮಕ್ಕಳಿಗಾಗಿ ಕಾಯುತ್ತಿದ್ದಳು. ಅವ್ವ ಅತ್ತ ಹೋಗದೆ ಕೋಲೂರಿಕೊಂಡು ಬೀದಿಯಲ್ಲಿ ನಿಧಾನವಾಗಿ ನಡೆದಳು. ಅಡುಗೆಯ ಹೊತ್ತು. ನಾಲ್ಕನೆಯ ಮನೆಯ ಮುಂದೆ ನಿಂತಳು. ಬಾಗಿಲಲ್ಲಿ ಬೇವಿನ ಸೊಪ್ಪಿತ್ತು, ಇನ್ನೂ ಹಸಿರಾಗಿತ್ತು. ಅವ್ವ ಚಪ್ಪಲಿ ಬಿಟ್ಟಳು.

"ಎಷ್ಟು ಎಳನೀರು ಕಳುಸ್ಲಿ ಕಣವ್ವ?"

ಒಳಗಿನಿಂದ ಒಂದು ಎಳೆಯ ದನಿ, "ಎರಡು ಸಾಕು" ಎಂದಿತು.

ದಡಾರ ಅಲ್ಲಿಗೆ ನಮಗಿಂತ ಮೊದಲೇ ಬಂದಿತ್ತು. ನನ್ನ ಪಟ್ಟಿಯ ಪ್ರಕಾರ ನಾವು ಇನ್ನೂ ಎರಡು ವಾರ ಬಿಟ್ಟು ಬರಬೇಕಾಗಿತ್ತು. ಆ ಬೀದಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ನೋಡಿದೆ. ಆ ಎರಡು ವಾರದಲ್ಲಿ ಅವರಲ್ಲಿ ಎಷ್ಟು ಮಂದಿ ಮಲಗುತ್ತಿದ್ದರು ಎಂಬ ಲೆಕ್ಕ ಮಾಡಲು ನನಗೆ ಕಂಪ್ಯೂಟರು ಬೇಕಿರಲಿಲ್ಲ. ನಾನು ಓಡಿಹೋಗಿ ಹೊಸ ನರ್ಸಿಗೆ ಹೇಳಿದೆ. ಅವಳು ಮೇಜು ಬಿಟ್ಟು, ಡಬ್ಬ ಎತ್ತಿಕೊಂಡು ಮನೆಮನೆಗೆ ಹೊರಟಳು.

ಅವ್ವ ಅಂದು ನನ್ನನ್ನು ಇಳಿಸಿದ್ದ ಆ ಜಗಲಿ ಮನೆಯಲ್ಲಿ ಅವಳ ವಯಸ್ಸಿಗೆ ಹತ್ತಿರದ ಒಬ್ಬ ಹೆಂಗಸು ಎರಡು ವರ್ಷದ ಮೊಮ್ಮಗಳನ್ನು ಕಾಲ ಮೇಲೆ ಕೂರಿಸಿಕೊಂಡು ಕುಳಿತಿದ್ದಳು. ಅವ್ವನನ್ನು ಕಂಡು, "ನರ್ಸಮ್ಮ, ಈ ವಯಸ್ನಲ್ಲಿ ಯಾಕ್ ಬರಾಕೋದ್ರಿ" ಎಂದು ಚಾಪೆ ಹಾಸಿದಳು. ತೀರಿಹೋದ ಹುಡುಗಿಯ ತಾಯಿ ಇವಳೇ ಎಂದು ಅವ್ವ ಹೇಳದೆಯೇ ನನಗೆ ತಿಳಿಯಿತು. ಹೊಸ ನರ್ಸು ಮೊಮ್ಮಗಳಿಗೆ ಸೂಜಿ ಹಾಕಿದಳು. ಮಗು ಅತ್ತು, ಸಮಾಧಾನವಾಗಿ, ಬಿಸ್ಕತ್ತು ಹಿಡಿದುಕೊಳ್ಳುವವರೆಗೆ ಅವ್ವ ಕಾದಳು. ನರ್ಸು ಮುಂದಿನ ಮನೆಗೆ ಹೋದ ಮೇಲೆ ಬಾಯಿ ಬಿಟ್ಟಳು.

"ನಿಮಗೊಂದ್ ಮಾತು ಏಳ್ಬೇಕಿತ್ತು ಕಣಕ್ಕ. ಅವತ್ತು ಅಮ್ಮನ್ನ ಈ ಕೊಪ್ಲಿಗೆ ತಂದೋಳು ನಾನು. ನನ್ ಮಗಳಿಗಿತ್ತು. ಎತ್ಕೊಂಡ್ ಬಂದು ಇಲ್ಲೇ ಇಳುಸ್ದೆ."

ಆ ಹೆಂಗಸು ಮೊಮ್ಮಗಳ ಗಲ್ಲಕ್ಕೆ ಅಂಟಿದ್ದ ಬಿಸ್ಕತ್ತನ್ನು ಒರೆಸಿದಳು.

"ಗೊತ್ತು ಬುಡಿ" ಎಂದಳು. "ಅವತ್ತೇ ನೋಡಿದ್ನಲ್ಲ. ಮಗೀಗೆ ಕಣ್ಣು ಕೆಂಡದಂಗಿತ್ತು. ಎರಡೂ ಒಂದೇ ತಟ್ಟೇಲಿ ಕಡ್ಲೆಕಾಯಿ ತಿಂದ್ವು."

ಅವ್ವ ತಲೆಯೆತ್ತಿದಳು. "ಮತ್ತೆ ಇಷ್ಟು ವರ್ಷ ಒಂದ್ ಮಾತೂ ಅನ್ಲಿಲ್ಲ ನೀವು."

"ಅಂದಿದ್ರೆ ನೀವು ಬರಾದ್ ಬುಟ್ಬುಡ್ತಿದ್ರಿ ನರ್ಸಮ್ಮ. ಮಿಕ್ಕ ಮಕ್ಳಿಗೆ ಯಾರ್ ಬರೋರು?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಅಳುವುದನ್ನು ನಾನು ಅಪ್ಪ ಹೋದಾಗ ಒಮ್ಮೆ ಬಿಟ್ಟರೆ ಕಂಡಿರಲಿಲ್ಲ. ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಆ ಹೆಂಗಸು ಆಗ ನನ್ನ ಕಡೆಗೆ ತಿರುಗಿದಳು. ನನ್ನ ನರೆಗೂದಲು, ಕನ್ನಡಕ, ಕೈಯಲ್ಲಿದ್ದ ಪಟ್ಟಿ ಎಲ್ಲವನ್ನೂ ನೋಡಿದಳು.

"ಇವ್ಳೇನಾ ಆ ಮಗು?" ಎಂದು ಅವ್ವನನ್ನು ಕೇಳಿದಳು. ಅವ್ವ ತಲೆಯಾಡಿಸಿದಳು. ಆ ಹೆಂಗಸು ಮೊಮ್ಮಗಳನ್ನು ಇಳಿಸಿ, ಎದ್ದು ಬಂದು, ನನ್ನ ಕೆನ್ನೆ ಮುಟ್ಟಿದಳು.

"ಚೆನ್ನಾಗಿ ಬೆಳ್ದವ್ಳೆ ಬುಡಿ" ಎಂದಳು.